ಹಳಿ ಕಾಯುವ ಟೋಪಿಗಳು

ಆರ್ಡಿಸ್ ಹಾಲ್ವರ್ಸನ್ ಬಗ್ಗೆ ಬರೆಯುತ್ತೇನೆ ಎಂದು ಅವಳಿಗೇ ಹೇಳಿದಾಗ, "ಬರಿ, ಆದ್ರೆ ದಪ್ಪ ಅಂತ ಬರೀಬೇಡ" ಎಂದಳು. ಬರೆಯುವುದಿಲ್ಲ. ಅವಳು ಬಸ್ಸಿನ ಸೀಟಿಗೆ ಸರಿಯಾಗಿ ಹೊಂದುತ್ತಿದ್ದಳು, ಅಷ್ಟೇ. ಆ ಸೀಟನ್ನು ಮೂರು ಸಲ ಬದಲಾಯಿಸಿದವನು ನಾನು. ಅದರ ಸ್ಪ್ರಿಂಗುಗಳ ಕಷ್ಟ ನನಗೆ ಗೊತ್ತು.

ನಾನು ಲೈಲ್. ಮಿನ್ನೆಸೋಟಾದ ನಾರ್ಡ್‌ಬಿ ಊರಿನ ಶಾಲಾ ಬಸ್ಸುಗಳ ಮೆಕ್ಯಾನಿಕ್. ಒಂಬತ್ತು ಬಸ್ಸು, ಒಂದು ಗ್ಯಾರೇಜು, ಒಂದು ಕಾಫಿ ಯಂತ್ರ. ಆ ಕಾಫಿ ಕುಡಿದವರು ಇನ್ನೂ ಬದುಕಿದ್ದಾರೆ ಎಂಬುದೇ ನಮ್ಮೂರಿನ ಗಟ್ಟಿತನಕ್ಕೆ ಸಾಕ್ಷಿ. ಆರ್ಡಿಸ್ ಏಳನೇ ನಂಬರ್ ಬಸ್ಸು ಓಡಿಸಿದ್ದು ಮೂವತ್ತೊಂದು ವರ್ಷ. ಅದಕ್ಕೂ ಮೊದಲು ಹಸು ಕರೆಯುತ್ತಿದ್ದಳು. ಗಂಡ ಕ್ಲಿಫರ್ಡ್ ಬೆನ್ನು ನೋವೆಂದು ಹಸುಗಳನ್ನು ಮಾರಿದಾಗ, "ಇಪ್ಪತ್ತು ವರ್ಷ ದನ ಅಟ್ಟಿದೀನಿ, ಮಕ್ಕಳನ್ನ ಅಟ್ಟೋಕೆ ಆಗಲ್ವಾ?" ಎಂದು ಸೀದಾ ಶಾಲೆಗೆ ಬಂದು ಕೆಲಸ ಕೇಳಿದಳು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮೊದಲನೇ ಸಲ ಹಿಂದಕ್ಕೆ ತೆಗೆಯುವಾಗ ಪರೀಕ್ಷಕನ ಸ್ವಂತ ಕಾರಿನ ಕನ್ನಡಿ ಕಿತ್ತಳು. ಎರಡನೇ ಸಲ, ಕಾರನ್ನು ಅಲ್ಲಿ ನಿಲ್ಲಿಸಿದ್ದೇ ತಪ್ಪು ಎಂದು ಅವನಿಗೇ ಬೈದಳು. ಮೂರನೇ ಸಲ ಆ ಮನುಷ್ಯ ದೂರದಲ್ಲಿ ಕಾರು ನಿಲ್ಲಿಸಿ ಬಂದು, ಸುಮ್ಮನೆ ಸಹಿ ಹಾಕಿಬಿಟ್ಟ.

ಊರಿನ ಉತ್ತರಕ್ಕೆ ಧಾನ್ಯದ ರೈಲು ಓಡುವ ಹಳಿ ಇದೆ. ಗೇಟಿಲ್ಲ, ದೀಪವಿಲ್ಲ, ಒಂದು ಫಲಕ ಮಾತ್ರ. ಶಾಲಾ ಬಸ್ಸು ಹಳಿ ದಾಟುವ ಮುನ್ನ ನಿಲ್ಲಲೇಬೇಕು, ಬಾಗಿಲು ತೆರೆಯಲೇಬೇಕು, ಓಡಿಸುವವರು ಎರಡೂ ಕಡೆ ನೋಡಿ ಕಿವಿಗೊಡಬೇಕು. ಅದು ಕಾನೂನು. ಅಲ್ಲಿ ಗಾಳಿ ತಡೆಯಲು ನೆಟ್ಟ ಮರಗಳ ಸಾಲು ಅಡ್ಡ ಬರುತ್ತದೆ, ಹಳಿಯೂ ತಿರುವಿನಲ್ಲಿದೆ. ಹಾಗಾಗಿ ಕಣ್ಣಿಗಿಂತ ಕಿವಿಯನ್ನೇ ನಂಬಬೇಕು. ಆರ್ಡಿಸ್ ಅಲ್ಲಿ ಬಸ್ಸು ನಿಲ್ಲಿಸಿ ಬಲಗೈಯ ತೋರುಬೆರಳು ಎತ್ತಿದರೆ ಮುಗಿಯಿತು, ನಲವತ್ತು ಮಕ್ಕಳು ಗಪ್‌ಚಿಪ್. ಒಬ್ಬ ಸೀನಿದರೂ ಕ್ಷಮೆ ಕೇಳುತ್ತಿದ್ದ. ನಮ್ಮ ಚರ್ಚಿನ ಪಾದ್ರಿ ಟೋರ್ವಾಲ್ಡ್ ಒಮ್ಮೆ, "ನಿನ್ನ ಆ ಬೆರಳನ್ನ ಭಾನುವಾರ ಒಂದು ಗಂಟೆ ಸಾಲ ಕೊಡಮ್ಮ" ಎಂದು ಕೇಳಿದ್ದರು. ಆ ಮೌನದ ಬಗ್ಗೆ ಆರ್ಡಿಸ್‌ಗೆ ಬಹಳ ಜಂಬವಿತ್ತು. ಇರಲಿ ಬಿಡಿ, ನ್ಯಾಯವಾದ ಜಂಬ.

ಆಮೇಲೆ ಆ ಅಕ್ಟೋಬರ್ ಬಂತು.

ಅದನ್ನು ಉದ್ದ ಮಾಡುವುದಿಲ್ಲ. ಹದಿನಾರು ವರ್ಷದ ಬ್ರೆಟ್ ಸ್ಟೌಫರ್ ತಾತನ ಬಂದೂಕು ಹಿಡಿದು ಶಾಲೆಗೆ ಬಂದ. ನಾಲ್ಕು ಮಕ್ಕಳು ಹೋದರು, ಒಬ್ಬರು ಮೇಷ್ಟ್ರು ಹೋದರು, ಕೊನೆಗೆ ಅವನೂ ಹೋದ. ನಮ್ಮಲ್ಲಿ ಪುಟ್ಟ ಮಕ್ಕಳಿಗೂ ದೊಡ್ಡವರಿಗೂ ಒಂದೇ ಕಟ್ಟಡ, ಆದ್ದರಿಂದ ಎಲ್ಲ ಮಕ್ಕಳೂ ಎಲ್ಲವನ್ನೂ ಕೇಳಿಸಿಕೊಂಡರು. ಅವನು ಒಂದೂವರೆ ವರ್ಷದಿಂದ ಯಾರೊಂದಿಗೂ ಸರಿಯಾಗಿ ಮಾತಾಡಿರಲಿಲ್ಲ ಎಂಬುದು ಆಮೇಲೆ ಎಲ್ಲರಿಗೂ ನೆನಪಾಯಿತು. ಆಮೇಲೆ ನೆನಪಾಗಿ ಏನು ಬಂತು! ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಬೇಡಿ, ದಿನಕ್ಕೊಬ್ಬರ ಮೇಲೆ.

ಊರಲ್ಲಿ ಯಾರೂ ಅವನ ಹೆಸರು ಎತ್ತುತ್ತಿರಲಿಲ್ಲ. ಆರ್ಡಿಸ್ ಮಾತ್ರ ಎತ್ತುತ್ತಿದ್ದಳು. ಐದನೇ ವಯಸ್ಸಿನಿಂದ ಅವನನ್ನು ಹತ್ತಿಸಿ ಇಳಿಸಿದವಳು ಅವಳೇ. ಸ್ಟೌಫರ್ ಮನೆ ಇದ್ದದ್ದು ಆ ಹಳಿಯ ಪಕ್ಕದಲ್ಲೇ, ಮರಗಳ ಸಾಲಿನ ಹಿಂದೆ. ಆ ದಿನ ಬೆಳಿಗ್ಗೆ ಅವನ ಒಂಬತ್ತು ವರ್ಷದ ತಂಗಿ ಜೂನಿ ಒಬ್ಬಳೇ ಬಂದು ಬಸ್ಸು ಹತ್ತಿ, "ಅಣ್ಣಂಗೆ ಹೊಟ್ಟೆನೋವಂತೆ ಮಿಸ್ ಆರ್ಡಿಸ್" ಎಂದಿದ್ದಳು. ನಿಯಮದಂತೆ ಒಂದು ನಿಮಿಷ ಕಾದು ಆರ್ಡಿಸ್ ಹೊರಟಿದ್ದಳು.

ಮೂರು ವಾರದ ನಂತರ ಶಾಲೆ ಮತ್ತೆ ತೆರೆಯಿತು. ಮೊದಲ ದಿನ ಏಳನೇ ನಂಬರ್ ಬಸ್ಸಿನಲ್ಲಿ ಇಪ್ಪತ್ತಾರು ಮಕ್ಕಳು. ಹಳಿಯ ಬಳಿ ಆರ್ಡಿಸ್ ಬಸ್ಸು ನಿಲ್ಲಿಸಿದಳು, ಬಾಗಿಲು ತೆರೆದಳು, ಅಭ್ಯಾಸದಂತೆ ಬೆರಳೆತ್ತಿದಳು. ಮಕ್ಕಳು ಸುಮ್ಮನಾದರು. ಮೇಲಿನ ಕನ್ನಡಿಯಲ್ಲಿ ನೋಡಿದರೆ ಒಂದು ತಲೆಯೂ ಕಾಣದು. ಅಷ್ಟೂ ಮಕ್ಕಳು ಸೀಟಿನ ಕೆಳಗೆ. ಶಾಲೆಯಲ್ಲಿ ಹಾಗೇ ಕಲಿಸಿದ್ದರಲ್ಲ, ಬಂದೂಕಿನವರು ಬಂದರೆ ಸದ್ದು ಮಾಡಬೇಡಿ, ಬಗ್ಗಿ ಕೂತುಕೊಳ್ಳಿ ಎಂದು. ಆ ದಿನ ಹಾಗೇ ಕೂತು ಉಳಿದುಕೊಂಡ ಮಕ್ಕಳು ಅವು. ಸುಮ್ಮನಿರು ಎಂದರೆ ಈಗ ಅವುಗಳಿಗೆ ಒಂದೇ ಅರ್ಥ.

ಗ್ಯಾರೇಜಿಗೆ ಬಂದವಳೇ ಎಣ್ಣೆಯ ಬಕೆಟ್ ಬೋರಲು ಹಾಕಿ ಕೂತು ಅತ್ತಳು. ಕ್ಲಿಫರ್ಡ್ ಸತ್ತಾಗಲೂ ನನ್ನೆದುರು ಅತ್ತವಳಲ್ಲ.

"ಈ ಬೆರಳು ಕತ್ತರಿಸಿ ಹಾಕು ಲೈಲ್."

"ಕತ್ತರಿಸಿದ್ರೆ ಕೈಗವಸು ಯಾರು ಹೆಣೀತಾರೆ? ಊರಿನ ಅರ್ಧ ಮಕ್ಕಳು ನೀನು ಹೆಣೆದಿದ್ದೇ ಹಾಕ್ಕೊಳೋದು."

"ತಮಾಷೆ ಬೇಡ ಕಣೋ. ಗಲಾಟೆ ಮಾಡಿ ಅಂತ ಬಿಟ್ಟುಬಿಟ್ರೆ ರೈಲು ಕೇಳಲ್ಲ. ಸುಮ್ನಿರಿ ಅಂದ್ರೆ ಮಕ್ಕಳು ನಡುಗ್ತವೆ. ಏನ್ ಮಾಡ್ಲಿ?"

ಮೂಗೊರೆಸಿಕೊಂಡು ನನ್ನನ್ನೇ ದಿಟ್ಟಿಸಿದಳು. ಆ ನೋಟ ನನಗೆ ಗೊತ್ತು. ಮನೆಯ ಛಾವಣಿ ರಿಪೇರಿಗೆ ನನ್ನನ್ನು ಹತ್ತಿಸಿದಾಗಲೂ ಹಾಗೇ ನೋಡಿದ್ದಳು.

"ಬೆಳಿಗ್ಗೆ ಏಳೂಕಾಲಿಗೆ ನಿಂಗೇನ್ ಕೆಲಸ?"

"ಕಾಫಿ ಕುಡೀತೀನಿ."

"ಹಳಿ ಹತ್ರ ನಿಂತು ಕುಡಿ. ಆ ಕಡೆ ಈ ಕಡೆ ನೋಡಿ ನಂಗೆ ಕೂಗಿ ಹೇಳು. ಮಕ್ಕಳು ಬೇಕಾದಷ್ಟು ಕಿರುಚ್ಲಿ."

ಹೀಗೆ ನಾನು ಹಳಿ ಕಾಯುವವನಾದೆ. ಮೊದಲ ದಿನ ಎರಡೂ ಕಡೆ ಕಣ್ಣು ಹಾಯಿಸಿ "ರೈಲಿಲ್ಲ!" ಎಂದು ಕೂಗಿದೆ. ಕಿಟಕಿಗಳಿಂದ ಮಕ್ಕಳು ನನ್ನನ್ನು ಕಂಬ ನೋಡಿದ ಹಾಗೆ ನೋಡಿದವು. ಎರಡನೇ ದಿನ ಜೋರು ಗಾಳಿ. "ರೈಲಿ…" ಎನ್ನುವಷ್ಟರಲ್ಲಿ ಕಿವಿ ಮುಚ್ಚುವ ನನ್ನ ಟೋಪಿ ಹಾರಿ ಚರಂಡಿ ದಾಟಿ ಜೋಳದ ಹೊಲಕ್ಕೆ ಓಡಿತು. ಹಿಂದೆ ನಾನೂ ಓಡಿದೆ. ಎರಡು ಸಲ ಬಿದ್ದೆ. ಎರಡನೇ ಸಲ ಬಿದ್ದಾಗ ಪ್ಯಾಂಟು ಹಿಂದುಗಡೆ ಪರ್ರ್ ಎಂದು ಹರಿದು, ಒಳಗಿನ ಕೆಂಪು ಉಣ್ಣೆ ಚಡ್ಡಿ ಇಡೀ ಜಿಲ್ಲೆಗೆ ಕಂಡಿತು. ಬಸ್ಸಿನಿಂದ ಒಂದು ಸದ್ದು ಬಂತು. ಮೊದಲು ಅಳು ಎಂದುಕೊಂಡೆ. ಅಲ್ಲ, ನಗು! ಮೂರು ವಾರದಲ್ಲಿ ನಾರ್ಡ್‌ಬಿಯಲ್ಲಿ ಕೇಳಿಸಿದ ಮೊದಲ ನಗು. ಆರ್ಡಿಸ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು.

ಮೂರನೇ ದಿನ ಹೆಂಡತಿಯ ಹೂವಿನ ಹುಲ್ಲು ಟೋಪಿ ಹಾಕಿಕೊಂಡು ಹೋದೆ. ನಾಲ್ಕನೇ ದಿನ ಬಕೆಟ್.

ನಮ್ಮ ಜನಕ್ಕೆ ಒಂದು ಕಾಯಿಲೆ ಇದೆ. ಎಲ್ಲಿಯಾದರೂ ಗೋಡೆಗೆ ಒಂದು ಖಾಲಿ ಹಾಳೆ ಅಂಟಿಸಿ ಪಕ್ಕದಲ್ಲಿ ಪೆನ್ನು ಕಟ್ಟಿದರೆ, ಏನಕ್ಕೆ ಎಂದು ಕೇಳದೆ ಹೆಸರು ಬರೆಯುತ್ತಾರೆ. ಚರ್ಚಿನ ಕಾಫಿಗೆ, ಸಾವಿನ ಮನೆಯ ಊಟಕ್ಕೆ, ಹಿಮ ಎತ್ತುವುದಕ್ಕೆ, ಎಲ್ಲದಕ್ಕೂ ಪಟ್ಟಿ. ಬೇಕರಿಯ ಡೊರೀನ್ ತನ್ನ ಅಂಗಡಿಯಲ್ಲಿ "ಹಳಿ ಕಾಯುವವರು, ಟೋಪಿ ಕಡ್ಡಾಯ" ಎಂದು ಬರೆದು ಹಾಳೆ ಅಂಟಿಸಿದಳು. ಎರಡು ದಿನದಲ್ಲಿ ಈಸ್ಟರ್‌ವರೆಗೆ ಭರ್ತಿ! ಒಂದು ಮಂಗಳವಾರಕ್ಕಾಗಿ ಇಬ್ಬರು ಅಜ್ಜಿಯರು ಮಾತು ಬಿಟ್ಟರು. ಬ್ಯಾಂಕಿನ ಮ್ಯಾನೇಜರು ಮೇಜುದೀಪದ ಶೇಡು ತಲೆಗೆ ಹಾಕಿಕೊಂಡು ನಿಂತರು. ಡೊರೀನ್ ಕೇಕು ಬೇಯಿಸುವ ತಗಡಿನ ಡಬ್ಬಿ ಬೋರಲು ಹಾಕಿಕೊಂಡಳು. ಪಾದ್ರಿ ಟೋರ್ವಾಲ್ಡ್ ಹೆಂಡತಿಯ ಕೂದಲು ಸುತ್ತುವ ಸುರುಳಿಗಳನ್ನೆಲ್ಲ ತಮ್ಮ ನಾಲ್ಕು ಕೂದಲಿಗೆ ಸಿಕ್ಕಿಸಿಕೊಂಡು ಬಂದರು. ಮಕ್ಕಳು ಹಿಂದಿನ ಸಂಜೆಯಿಂದಲೇ ನಾಳೆ ಯಾರು, ಏನು ಎಂದು ಪಂಥ ಕಟ್ಟತೊಡಗಿದವು. ಬಸ್ಸಿನಲ್ಲಿ ಇಪ್ಪತ್ತಾರು ಇದ್ದ ಮಕ್ಕಳು ಮೂವತ್ತೆಂಟಾದವು. ಅಪ್ಪಂದಿರ ಕಾರಿನಲ್ಲಿ ಹೋಗುತ್ತಿದ್ದವೂ ಬಸ್ಸೇ ಬೇಕೆಂದು ಹಟ ಹಿಡಿದವಂತೆ.

ಒಂದು ಗುರುವಾರ ಫಿಲಿಸ್ ಬ್ರಾಂಡ್‌ವೋಲ್ಡ್ ಬಂದಳು. ಅವಳ ದೊಡ್ಡ ಮಗ ಆ ದಿನ ಹೋದವರಲ್ಲಿ ಒಬ್ಬ, ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. ಚಿಕ್ಕವನು ಗ್ರೇಡಿ, ಹತ್ತು ವರ್ಷ, ಇದೇ ಬಸ್ಸಿನ ಎರಡನೇ ಸೀಟಿನವನು. ಫಿಲಿಸ್ ತಲೆಯ ಮೇಲೆ ಮಗನ ಬ್ಯಾಂಡಿನ ಟೋಪಿ, ಎತ್ತರದ ಬಿಳಿ ಗರಿಯದ್ದು. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಾನು ಹರಿಯುವಂತೆ "ರೈಲಿಲ್ಲ!" ಎಂದು ಕೂಗಿದಳು. ಗ್ರೇಡಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಅಮ್ಮಾ, ಗರಿ ವಾಲಿದೆ!" ಎಂದ. ಅವಳು ಸರಿಮಾಡಿಕೊಂಡು ಮತ್ತೊಮ್ಮೆ ಕೂಗಿದಳು. ಆ ದಿನ ಬೇಕರಿಯಲ್ಲಿ ಎಲ್ಲರೂ ಎರಡೆರಡು ಬನ್ನು ತಿಂದೆವು.

ಆದರೆ ಆರ್ಡಿಸ್‌ಗೆ ಇದೆಲ್ಲ ಸಾಲದು. ಅವಳ ಕಣ್ಣು ಇದ್ದದ್ದು ಮರಗಳ ಹಿಂದಿನ ಆ ಮನೆಯ ಮೇಲೆ. ಅಕ್ಟೋಬರಿನಿಂದ ಜೂನಿ ಮನೆಯಿಂದ ಹೊರಗೆ ಬಂದಿರಲಿಲ್ಲ. ತಾಯಿ ಮಾರ್ಲಾ ಪಕ್ಕದೂರಿನ ವೃದ್ಧಾಶ್ರಮದಲ್ಲಿ ನರ್ಸು. ಹೋಗಿ ಬರುವುದೂ ಯಾರ ಕಣ್ಣಿಗೂ ಬೀಳದ ಹಾಗೆ. ಹಳಿ ಕಾಯುವವರೆಲ್ಲ ಆ ಮನೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ನಾನೂ ಹಾಗೇ ನಿಂತವನೇ, ಸುಳ್ಳೇಕೆ ಹೇಳಲಿ. ಆರ್ಡಿಸ್ ಮಾತ್ರ "ರೈಲಿಲ್ಲ" ಕೇಳಿದ ಮೇಲೂ ಬಾಗಿಲು ಮುಚ್ಚುತ್ತಿರಲಿಲ್ಲ. ಬಸ್ಸು ಹತ್ತುವ ಮಕ್ಕಳ ಅವಳ ಪಟ್ಟಿಯಲ್ಲಿ ಜೂನಿಯ ಹೆಸರು ಇನ್ನೂ ಇತ್ತು. ಹೆಸರಿದ್ದ ಮೇಲೆ ಒಂದು ನಿಮಿಷ ಕಾಯಬೇಕು. ದಿನಾ ಕಾದಳು. ಯಾರೂ ಬರಲಿಲ್ಲ.

ಬೇಕರಿಯಲ್ಲಿ ಒಮ್ಮೆ ಗೇಲೆನ್ ಎಂಬವನು ಎಲ್ಲರೆದುರೇ ಜಗಳ ತೆಗೆದ. ಅವನ ಮಗಳ ತೋಳಿಗೆ ಆ ದಿನ ಗುಂಡು ತಗುಲಿತ್ತು.

"ಆ ಮನೆ ಮುಂದೆ ಬಾಗಿಲು ತೆಗೆದು ನಿಲ್ತೀಯಲ್ಲ ಆರ್ಡಿಸ್, ನಾಚಿಕೆ ಆಗಲ್ವಾ? ಆ ಹೆಸರು ಹೊಡೆದು ಹಾಕು."

"ಹಳಿ ಮುಂದೆ ನಿಲ್ಲಬೇಕು ಅಂತ ಕಾನೂನಿದೆ. ಅಲ್ಲೊಂದು ಮನೆ ಇದ್ರೆ ನಾನೇನ್ ಮಾಡ್ಲಿ? ಹಳಿ ಕಿತ್ತು ನಿಮ್ಮನೆ ಮುಂದೆ ಹಾಕ್ಕೋ ಹೋಗು."

"ಮಾತು ತಿರುಗಿಸ್ಬೇಡ."

"ತಿರುಗಿಸಲ್ಲ ಬಿಡು, ನೆಟ್ಟಗೇ ಹೇಳ್ತೀನಿ ಕೇಳು." ಕಪ್ಪು ಕೆಳಗಿಟ್ಟಳು. "ಬ್ರೆಟ್‌ನ ಹನ್ನೊಂದು ವರ್ಷ ಹತ್ತಿಸ್ಕೊಂಡೆ, ಇಳಿಸ್ದೆ. ನಂಗೇನೂ ಕಾಣ್ಲಿಲ್ಲ. ಜೂನ್ ತಿಂಗಳಿಗೆ ನಾನು ಕೆಲಸ ಬಿಡ್ತೀನಿ ಗೇಲೆನ್. ಅಷ್ಟ್ರೊಳಗೆ ಆ ಹುಡುಗಿ ನನ್ನ ಬಸ್ಸು ಹತ್ತಬೇಕು. ಹತ್ತದೇ ಹೋದ್ರೆ ಆ ಒಂದು ನಿಮಿಷದಲ್ಲೇ ಸಾಯೋವರೆಗೂ ನಿಂತಿರ್ತೀನಿ ನಾನು."

ಗೇಲೆನ್ ಕೆಂಪಗಾದ. ಹಣ ಇಟ್ಟು ಎದ್ದು ಹೋದ. ಹೋಗುವ ದಾರಿಯಲ್ಲಿ ಗೋಡೆಯ ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಫೆಬ್ರವರಿಯ ಒಂದು ಸೋಮವಾರದ ಎದುರು ಏನೋ ಗೀಚಿದ. ನೋಡಿದರೆ ಅವನ ಹೆಸರು. ಆ ಪೆನ್ನು ಅಂಥದ್ದು, ಸಿಟ್ಟಿನಲ್ಲಿದ್ದವರನ್ನೂ ಬಿಡುವುದಿಲ್ಲ.

ಆ ಸೋಮವಾರವೇ ಎಡವಟ್ಟಾಯಿತು. ನಮ್ಮವರು ಮಾತ್ರ ಮಾಡಬಲ್ಲ ಎಡವಟ್ಟು. ಅದೇ ದಿನಕ್ಕೆ ಪಾದ್ರಿಗಳೂ ಹೆಸರು ಬರೆದಿದ್ದರು. ಭಾನುವಾರ ಚರ್ಚಿನ ಬಾಗಿಲಲ್ಲಿ ಇಬ್ಬರೂ ಎದುರಾದರು.

"ನೀವೇ ನಿಲ್ಲಿ ಪಾದ್ರಿಗಳೇ, ನಾನು ಇನ್ನೊಂದಿನ ನಿಲ್ತೀನಿ."

"ಛೇ ಛೇ, ನೀನು ಮೊದಲನೇ ಸಲ ಬರೆದಿದೀಯ ಗೇಲೆನ್, ನೀನೇ ನಿಲ್ಲು."

"ಹಾಗೆಲ್ಲಾದ್ರೂ ಉಂಟಾ, ನೀವು ದೊಡ್ಡೋರು."

"ಇಲ್ಲಪ್ಪ, ನಂಗೇನೂ ಬೇಜಾರಿಲ್ಲ."

ಕಾಲು ಗಂಟೆ ಹೀಗೇ ಬಿಟ್ಟುಕೊಟ್ಟರಂತೆ. ಸಂಕೋಚವೇ ನಮ್ಮೂರಿನ ರಾಷ್ಟ್ರಧರ್ಮ. ಕೊನೆಗೆ ಬಿಟ್ಟುಕೊಟ್ಟವನು ತಾನು, ನಿಲ್ಲುವವರು ಅವರು ಎಂದು ಇಬ್ಬರೂ ಅಂದುಕೊಂಡು ಮನೆಗೆ ಹೋದರು. ಮರುದಿನ ಇಬ್ಬರೂ ಹಾಯಾಗಿ ಹೊದ್ದು ಮಲಗಿದರು.

ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗೆ ಇಳಿದಿತ್ತು ಚಳಿ. ಏಳನೇ ಬಸ್ಸಿನ ಹೀಟರು ಕೈಕೊಟ್ಟಿದ್ದರಿಂದ ನಾನೂ ಒಳಗಿದ್ದೆ. ಹಿಂದಿನ ಸೀಟಿನ ಕೆಳಗೆ ಮಲಗಿ, ಎರಡೂ ಕೈ ಹೀಟರಿನ ಪೆಟ್ಟಿಗೆಗೆ ತುರುಕಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ರಿಪೇರಿ ಮಾಡುತ್ತಿದ್ದೆ. ಬಸ್ಸು ನಿಂತಿತು. ಬಾಗಿಲು ತೆರೆದ ಸದ್ದು. ಆಮೇಲೆ ಏನೂ ಇಲ್ಲ. ಕೂಗು ಇಲ್ಲ.

"ಇವತ್ತು ಯಾರೂ ಇಲ್ಲ," ಎಂದಿತು ಒಂದು ಪುಟ್ಟ ದನಿ.

ಮಕ್ಕಳ ಮಾತು ಒಂದೊಂದಾಗಿ ನಿಂತಿತು. ಮೂವತ್ತೆಂಟು ಮಕ್ಕಳ ಮೌನ. ನನ್ನ ಮುಖದ ಎದುರಿಗೇ ಒಂದು ಹುಡುಗಿ ಸೀಟಿನಿಂದ ಜಾರಿ ಕೆಳಗೆ ಬಂದು ಮಂಡಿ ಅಪ್ಪಿಕೊಂಡಳು. ಮಕ್ಕಳಿರುವಾಗ ಬಸ್ಸು ಬಿಟ್ಟು ಇಳಿಯುವಂತಿಲ್ಲ ಆರ್ಡಿಸ್. ನನ್ನ ತೋಳು ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿದೆ. "ತಡೀರಿ ಮಕ್ಕಳಾ, ಲೈಲ್ ಬರ್ತಾನೆ, ಲೈಲ್!" ಎಂದು ಕೂಗುತ್ತಿದ್ದಾಳೆ. ನಾನು ಎಳೆಯುತ್ತಿದ್ದೇನೆ, ಬೈಯುತ್ತಿದ್ದೇನೆ, ಬಾಯಲ್ಲಿ ಟಾರ್ಚಿದ್ದರಿಂದ ಏನೂ ಅರ್ಥವಾಗುತ್ತಿಲ್ಲ.

ಆಗ ಹೊರಗಿನಿಂದ ಬಂತು, ತೆಳ್ಳಗೆ, ನಡುಗುತ್ತ:

"ರೈಲಿಲ್ಲ!"

ತೋಳು ಕಿತ್ತುಕೊಂಡು ಎದ್ದು ನೋಡಿದೆ. ಜೂನಿ. ರಾತ್ರಿಯ ಅಂಗಿ, ಅದರ ಮೇಲೆ ಅಮ್ಮನ ಕೋಟು, ಮಂಡಿಯವರೆಗೂ ಬರುವ ಅಮ್ಮನ ಬೂಟು. ಉಣ್ಣೆ ಟೋಪಿಯ ಮೇಲೆ ಶಾವಿಗೆ ಬಸಿಯುವ ತೂತಿನ ಪಾತ್ರೆ. ಮತ್ತೊಮ್ಮೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಚೆನ್ನಾಗಿ ಬಗ್ಗಿ ನೋಡಿ ಮತ್ತೆ ಕೂಗಿದಳು. ಕಿಟಕಿಯಿಂದ ಎಷ್ಟು ದಿನ ನಮ್ಮನ್ನು ನೋಡಿ ಕಲಿತಿದ್ದಳೋ!

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆರ್ಡಿಸ್‌ಗೆ ಮಾತೇ ಹೊರಡಲಿಲ್ಲ. ಎಲ್ಲರ ಕಣ್ಣೂ ಎರಡನೇ ಸೀಟಿನ ಗ್ರೇಡಿಯ ಮೇಲೆ ಹೋಯಿತು. ಮಕ್ಕಳಿಗೂ ಗೊತ್ತಾಗುತ್ತದೆ ಇಂಥದ್ದು.

ಗ್ರೇಡಿ ಕಿಟಕಿ ಇಳಿಸಿದ. ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಅದು ಟೋಪಿ ಅಲ್ಲ. ಪಾತ್ರೆ."

"ಡೊರೀನ್ ಕೇಕಿನ ಡಬ್ಬಿ ಹಾಕ್ಕೊಂಡಿದ್ರು," ಎಂದಳು ಜೂನಿ. "ನಾನು ನೋಡಿದೀನಿ."

"ಡಬ್ಬಿಗೆ ತೂತಿರ್ಲಿಲ್ಲ."

"ತೂತಿರಬಾರ್ದು ಅಂತ ಎಲ್ಲಿ ಬರ್ದಿದೆ?"

ಇದು ಗಂಭೀರ ಪ್ರಶ್ನೆ. ಹಿಂದಿನ ಸೀಟಿನವರು ತೂತು ನಡೆಯುತ್ತದೆ ಎಂದರು, ಮುಂದಿನವರು ನಡೆಯದು ಎಂದರು. ಪಾದ್ರಿಯ ಸುರುಳಿಗಳಿಗೆ ತೂತಿರಲಿಲ್ಲವೇ ಎಂದು ಯಾರೋ ಕೇಳಿದರು. ನನ್ನ ಎದುರಿನ ಹುಡುಗಿ ಸೀಟಿನ ಕೆಳಗಿನಿಂದ ಎದ್ದು ಬಂದು, ತೂತಿನ ಪರವಾಗಿ ಗಂಟಲು ಹರಿದುಕೊಂಡಳು. ಅವಳು ಯಾರು ಗೊತ್ತೇ? ಗೇಲೆನ್‌ನ ಮಗಳು! ಬಸ್ಸು ಸಂತೆಯಾಯಿತು.

ಅಷ್ಟರಲ್ಲಿ ಪೋಂ ಎಂದು ಭೂಮಿ ನಡುಗಿತು. ತಿರುವಿನಿಂದ ಧಾನ್ಯದ ರೈಲು ಹೊರಬಂದು, ಬಸ್ಸಿನ ಮೂಗಿನ ಮುಂದೆ ಧಡಧಡನೆ ಹಾಯತೊಡಗಿತು.

ಆಮೇಲೆ ಗ್ರೇಡಿ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಲೇ ರೈಲಿಲ್ಲಾ! ರೈಲು ಬಂತಲ್ಲೇ!"

"ಆಗ ಇರ್ಲಿಲ್ಲ!" ಎಂದು ಕಾಲು ಕುಟ್ಟಿದಳು ಜೂನಿ. ಪಾತ್ರೆ ಕಣ್ಣಿನ ಮೇಲೆ ಜಾರಿತು. "ನಾನು ನೋಡ್ದಾಗ ಇರ್ಲಿಲ್ಲ! ನೀವೇ ಮಾತಾಡ್ತಾ ನಿಂತಿದ್ದು!"

ಇಡೀ ಬಸ್ಸು ಹೋ ಎಂದಿತು. "ರೈಲಿಲ್ಲಾ! ರೈಲಿಲ್ಲಾ!" ಛಾವಣಿ ಹಾರುವಂಥ ಗಲಾಟೆ, ರೈಲಿನ ಸದ್ದನ್ನೂ ಮೀರಿಸುವಂಥದ್ದು. ಹುಡುಗಿಯ ಮುಖ ಕೆಂಪೇರಿತ್ತು, ಸಿಟ್ಟು ಬಂದಿತ್ತು, ನಗುವೂ ಬಂದಿತ್ತು.

ಆರ್ಡಿಸ್‌ಗೆ ಆಗ ದನಿ ಮರಳಿತು. "ಏನೇ ಅದು ವೇಷ? ಶಾಲೆಗೆ ಹಾಗೇ ಬರ್ತೀಯಾ? ಹೋಗು, ಬಟ್ಟೆ ಹಾಕ್ಕೊಂಡು ಬಾ. ರೈಲು ಹೋಗೋವರೆಗೆ ಟೈಮಿದೆ. ಓಡು!"

ಮನೆಯ ಬಾಗಿಲಲ್ಲಿ ಮಾರ್ಲಾ ನಿಂತಿದ್ದಳು, ನರ್ಸಿನ ಉಡುಪಿನಲ್ಲೇ, ಬಾಯಿಗೆ ಕೈ ಹಿಡಿದು. ಮಗಳು ಅವಳ ಪಕ್ಕದಿಂದ ಒಳಗೆ ನುಗ್ಗಿದಳು. ಬಸ್ಸಿನಲ್ಲಿ ಮಕ್ಕಳು ರೈಲಿನ ಡಬ್ಬಿ ಎಣಿಸತೊಡಗಿದವು, ನಮ್ಮ ಮಕ್ಕಳು ಎಂದೂ ಬಿಡದ ಕೆಲಸ ಅದು. ನಲವತ್ತು, ನಲವತ್ತೊಂದು. ಅರವತ್ತಮೂರನೆಯ ಡಬ್ಬಿಗೆ ಜೂನಿ ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ, ಬ್ಯಾಗು ಎಳೆಯುತ್ತ ಮೆಟ್ಟಿಲು ಹತ್ತಿದಳು. ಹತ್ತಿದವಳು ಅಲ್ಲೇ ನಿಂತಳು. ಎಲ್ಲಿ ಕೂರಬೇಕು ಎಂದು ಅವಳಿಗೆ ಗೊತ್ತಾಗಲಿಲ್ಲ. ಇದ್ದದ್ದೇ ಒಂದು ಜಾಗ, ಗ್ರೇಡಿಯ ಬ್ಯಾಗು ಕೂತಿದ್ದ ಜಾಗ.

ಗ್ರೇಡಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಅರವತ್ತೇಳು, ಅರವತ್ತೆಂಟು," ಎನ್ನುತ್ತಲೇ ಬ್ಯಾಗನ್ನು ಕಾಲಿನ ಬಳಿ ಎಳೆದುಕೊಂಡ.

ಜೂನಿ ಕೂತು, ಅರವತ್ತೊಂಬತ್ತರಿಂದ ಸೇರಿಕೊಂಡಳು.

ಅಂದು ಏಳನೇ ನಂಬರ್ ಬಸ್ಸು ಒಂಬತ್ತು ನಿಮಿಷ ತಡ. ಗ್ಯಾರೇಜಿನಲ್ಲಿ ಆರ್ಡಿಸ್ ನನ್ನ ಅಂಗಿಗೇ ಮುಖ ಒರೆಸಿಕೊಂಡು ಅತ್ತಳು, ನಕ್ಕಳು, ನನ್ನ ಕಾಫಿಯನ್ನು ಎರಡು ಕಪ್ಪು ಕುಡಿದಳು. ಗೇಲೆನ್ ಮತ್ತು ಪಾದ್ರಿಗಳು ಬೇಕರಿಯಲ್ಲಿ, ತಪ್ಪು ನನ್ನದು, ಇಲ್ಲ ನನ್ನದು ಎಂದು ಮತ್ತೆ ಕಾಲು ಗಂಟೆ ಬಿಟ್ಟುಕೊಟ್ಟರು.

ಅಕ್ಟೋಬರಿನಿಂದ ಆ ಹುಡುಗಿಗೆ ನಮ್ಮೂರಲ್ಲಿ ಇದ್ದದ್ದು ಒಂದೇ ಹೆಸರು, ಅವನ ತಂಗಿ. ದೊಡ್ಡವರು ನಾವೆಲ್ಲ ಸೇರಿ ನಾಲ್ಕು ತಿಂಗಳಲ್ಲಿ ಅದನ್ನು ಅಳಿಸಲಾರದೆ ಹೋಗಿದ್ದೆವು. ಸಂಜೆ ನಾನು ಹೀಟರು ನೋಡುವ ನೆಪದಲ್ಲಿ ಮತ್ತೆ ಬಸ್ಸಿನಲ್ಲಿದ್ದೆ. ಹಳಿಯ ಬಳಿ ಅವಳು ಇಳಿದಾಗ ಇಡೀ ಬಸ್ಸು ಕಿಟಕಿಗೆ ಮುತ್ತಿತು.

"ರೈಲಿಲ್ಲಾ, ನಾಳೆ ಬರ್ತೀಯಾ?"

"ಬರ್ತೀನಿ," ಎಂದಳು ಅವಳು, ಮೂಗೇರಿಸಿಕೊಂಡು. "ಆದ್ರೆ ಕಿಟಕಿ ಸೀಟು ನಂದು."

"ಕನಸು ಕಾಣು!" ಎಂದ ಗ್ರೇಡಿ.